ಗೊಂಬೆ ಹಬ್ಬದ ಜಂಬೂಸವಾರಿ ನಿಂತುಹೋದರೆ ಎಲ್ಲಿಂದ ಹುಡುಕಬೇಕು?

ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲ ಮುಂದೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಪಾರ್ಕು, ಹೊಲ, ಮೃಗಾಲಯ ಅಂತ ಮಕ್ಕಳು ಏನಾದರೂ ಕಟ್ಟುವುದು ಅಲ್ಲೇ. ನಮ್ಮ ಮನೆಯಲ್ಲಿ ಆ ಜಾಗ ಚಲಿಸುವ ಜಂಬೂಸವಾರಿಗೆ ಮೀಸಲು. ಪಟ್ಟದ ಗೊಂಬೆ ಮತ್ತು ಮೆಟ್ಟಿಲುಗಳು ಅಜ್ಜಿಯ ಪಾಲು. ಕೆಳಗಿನ ಸೆಟ್ ನಾನು, ತಂಗಿ, ನನ್ನ ಇಬ್ಬರು ಗೆಳೆಯರು ಸೇರಿ ಮಾಡುತ್ತೇವೆ. ಪ್ಲೈವುಡ್ ಕೊಯ್ದುಕೊಡುವುದು ಅಪ್ಪ. ವೈರಿಂಗ್ ವಿಷಯಕ್ಕೆ ಚಿಕ್ಕಪ್ಪ ಇದ್ದಾರೆ. ಬೈಕುಗಳ ವೈರಿಂಗ್ ರಿಪೇರಿ ಅವರ ಕೆಲಸ.

ಇಂಥದ್ದನ್ನು ಕಟ್ಟುವುದು ಹೇಗೆ ಅಂತ ಹೇಳುವ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ಕಟ್ಟಿದ್ದು ಸರಿಯಾಗಿ ನೆಂಟರು ಬರುವ ಹೊತ್ತಿಗೆ ನಿಂತುಹೋದರೆ ಏನು ಮಾಡಬೇಕು ಅಂತ ಹೇಳುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮುಖ್ಯವಾಗಿ ಹೇಳಬೇಕಾದ್ದು ಒಂದೇ. ಲ್ಯಾಪ್‌ಟಾಪ್ ತೆರೆದು ಕೋಡ್ ತಿದ್ದುವ ಮೊದಲು ಕರೆಂಟು ಎಲ್ಲಿಯವರೆಗೆ ಸರಿಯಾಗಿ ತಲುಪುತ್ತಿದೆ ಅಂತ ನೋಡಿ. ಅದನ್ನೂ ಸೆಟ್ ಓಡುತ್ತಿರುವಾಗಲೇ ನೋಡಿ. ಓಡದೆ ನಿಂತಿರುವ ಸೆಟ್ಟಿನಲ್ಲಿ ಎಲ್ಲಾ ಸರಿಯಾಗೇ ಕಾಣುತ್ತದೆ.

ಸೆಟ್ಟಿನಲ್ಲಿ ಏನೇನಿದೆ

2 ಅಡಿ ಅಗಲದ ದುಂಡು ಪ್ಲೈವುಡ್ ಹಲಗೆ. ಅದರ ಮೇಲೆ ಅಂಬಾರಿ ಆನೆ, ಕುದುರೆ, ಬ್ಯಾಂಡಿನವರು, ಜನ. ಹೆಚ್ಚಿನವು ಚನ್ನಪಟ್ಟಣದ ಮರದ ಗೊಂಬೆಗಳು, ಕೆಲವು ಮಣ್ಣಿನವು. ಹಲಗೆಯ ಅಂಚಿಗೆ ಒಂದು ರಬ್ಬರ್ ಚಕ್ರ ಒತ್ತಿಕೊಂಡಿರುತ್ತದೆ. ಆ ಚಕ್ರವನ್ನು ಹಳದಿ ಬಣ್ಣದ ಗೇರ್ ಮೋಟರ್ ತಿರುಗಿಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಓ ಮೋಟರ್ ಅಂತ ಕೇಳಿದರೆ ಇದನ್ನೇ ಕೊಡುತ್ತಾರೆ. ಚಕ್ರದ ವ್ಯಾಸ 65 ಮಿ.ಮೀ., ಹಲಗೆಯದು ಸುಮಾರು 610 ಮಿ.ಮೀ. ಅಂದರೆ ಚಕ್ರ 9ಕ್ಕೂ ಹೆಚ್ಚು ಸುತ್ತು ಹಾಕಿದರೆ ಹಲಗೆಗೆ ಒಂದು ಸುತ್ತು. ಮೆರವಣಿಗೆ ನಿಧಾನವಾಗಿ, ಗಂಭೀರವಾಗಿ ಸಾಗುವುದಕ್ಕೆ ಇದು ಸರಿಯಾದ ಲೆಕ್ಕ.

ಹಲಗೆಯ ಹಿಂದೆ ಕಾರ್ಡ್‌ಬೋರ್ಡಿನ ಅರಮನೆ, ಅದಕ್ಕೆ 40 ಎಲ್‌ಇಡಿ. ನಿಜವಾದ ಅರಮನೆಗೆ ಸುಮಾರು 1 ಲಕ್ಷ ಬಲ್ಬು ಬೇಕು, ನಮ್ಮದಕ್ಕೆ ಇಷ್ಟು ಸಾಕು. ಅರಮನೆಯ ಬಾಗಿಲಲ್ಲಿ ನಿಂತ ಇನ್ನೊಂದು ಆನೆ ಸೊಂಡಿಲು ಎತ್ತಿ ನಮಸ್ಕಾರ ಮಾಡುತ್ತದೆ. ಅದರ ಒಳಗಿರುವುದು ಎಸ್‌ಜಿ90 ಸರ್ವೋ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟರ್. ಪಕ್ಕದಲ್ಲಿ ಬೃಂದಾವನದ ಕಾರಂಜಿ, ಅದಕ್ಕೆ ನೀರಿನಲ್ಲಿ ಮುಳುಗಿಸಿಡುವ ಪುಟ್ಟ ಪಂಪು. ಎಲ್ಲವನ್ನೂ ನಡೆಸುವುದು ಒಂದು ಆರ್ಡುಯಿನೋ ಊನೋ ಬೋರ್ಡು (ನಾವು ಬರೆದ ಕೋಡ್ ಓಡಿಸುವ ಪುಟ್ಟ ಕಂಪ್ಯೂಟರ್) ಮತ್ತು ಅದು ಹೇಳಿದಂತೆ ಮೋಟರಿಗೆ ಕರೆಂಟು ಬಿಡುವ ಎಲ್298ಎನ್ ಮೋಟರ್ ಡ್ರೈವರ್. ಮೋಟರ್ ಮತ್ತು ಪಂಪಿಗೆ 9 ವೋಲ್ಟ್ ಅಡಾಪ್ಟರ್, ಡ್ರೈವರ್ ಮೂಲಕ. ಊನೋ, ಸರ್ವೋ, ದೀಪಗಳಿಗೆ ಬೇರೆಯದೇ 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್.

ನಿಮ್ಮದು ಬೇರೆ ಥರ ಇರಬಹುದು. ಕೆಡುವ ರೀತಿ ಮಾತ್ರ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ.

ಕೈ ಹಾಕುವ ಮೊದಲು

ಸುಟ್ಟ ವಾಸನೆ ಬಂದರೆ ಮೊದಲು ಪ್ಲಗ್ ಕೀಳಿ, ಆಮೇಲೆ ಯೋಚನೆ ಮಾಡಿ. ಗೊಂಬೆ ಕೂರಿಸಿದ ಜಾಗದಲ್ಲಿ ಬಟ್ಟೆ, ಕಾಗದ, ಥರ್ಮಾಕೋಲು, ಎಣ್ಣೆ ದೀಪ, ನೀರು ಎಲ್ಲಾ ಹತ್ತಿರ ಹತ್ತಿರ ಇರುತ್ತವೆ. ಆದ್ದರಿಂದ ಸೆಟ್ಟಿನ ಒಳಗೆ 230 ವೋಲ್ಟ್ ತರಲೇಬೇಡಿ. ಹಳೆಯ ಮೈಕ್ರೋವೇವ್ ಓವನ್ನಿನ ತಟ್ಟೆ ತಿರುಗಿಸುವ ಮೋಟರನ್ನು ಕೆಲವರು ನೇರವಾಗಿ ಗೋಡೆಯ ಪ್ಲಗ್ಗಿಗೆ ಕೊಡುತ್ತಾರೆ. ಮಕ್ಕಳು ಕೈ ಹಾಕುವ ಜಾಗಕ್ಕೆ ಅದು ಬೇಡ. ಅಡಾಪ್ಟರುಗಳು ದೂರದಲ್ಲಿರಲಿ, ಒಳಗೆ ಬರುವುದು 5 ಅಥವಾ 9 ವೋಲ್ಟ್ ಮಾತ್ರ ಇರಲಿ. ರಾತ್ರಿ ಮಲಗುವಾಗ ಎಲ್ಲಾ ಆಫ್.

ಬೇಕಾದ ಸಾಮಾನು: ವೋಲ್ಟೇಜು ಅಳೆಯಲು ಒಂದು ಮಲ್ಟಿಮೀಟರ್, ಸ್ಕ್ರೂಡ್ರೈವರ್, ನಾಲ್ಕಾರು ಒಳ್ಳೆಯ ಜಂಪರ್ ವೈರು, ಒಂದು ಹಾಳೆ, ಪೆನ್ನು. ಜೊತೆಗೆ ಇನ್ನೊಬ್ಬರು. ಒಬ್ಬರು ಪ್ರೋಬ್ (ಮೀಟರಿನ ವೈರಿನ ತುದಿಯ ಕಡ್ಡಿ) ಹಿಡಿಯಬೇಕು, ಇನ್ನೊಬ್ಬರು ಅಂಕಿ ಓದಿ ಬರೆದುಕೊಳ್ಳಬೇಕು. ಒಬ್ಬರೇ ಮಾಡಿದರೆ ಕಣ್ಣು ಮೀಟರಿಗೆ ಹೋದಾಗ ಪ್ರೋಬ್ ಜಾರಿ ಪಕ್ಕದ ಪಿನ್ನಿಗೆ ತಗುಲುತ್ತದೆ.

ಎಲ್ಲಾ ಒಟ್ಟಿಗೆ ಆನ್ ಮಾಡಿದಾಗ ಮಾತ್ರ ಕೆಡುತ್ತದೆ

ಇದೇ ಎಲ್ಲಕ್ಕಿಂತ ಹೆಚ್ಚು ಕಾಡುವ ದೋಷ. ಬಿಡಿಬಿಡಿಯಾಗಿ ಹಲಗೆ ತಿರುಗುತ್ತದೆ, ಸೊಂಡಿಲು ಏಳುತ್ತದೆ, ದೀಪ ಉರಿಯುತ್ತದೆ. ಒಟ್ಟಿಗೆ ಬಿಟ್ಟರೆ ಸೊಂಡಿಲು ಎತ್ತಿದ ಕ್ಷಣಕ್ಕೆ ದೀಪಗಳು ಮಂಕಾಗಿ, ಮೆರವಣಿಗೆ ನಿಂತು, ಎರಡು ಸೆಕೆಂಡು ಬಿಟ್ಟು ಎಲ್ಲಾ ಮೊದಲಿನಿಂದ ಶುರುವಾಗುತ್ತದೆ.

ಮೊದಲಿನಿಂದ ಶುರುವಾಗುತ್ತಿದೆ ಅಂದರೆ ಊನೋ ರೀಸೆಟ್ ಆಗುತ್ತಿದೆ ಅಂತ ಅರ್ಥ. ಖಚಿತ ಮಾಡಿಕೊಳ್ಳಲು ಬೋರ್ಡಿನ ಮೇಲೆ 13ನೇ ಪಿನ್ನಿನ ಪುಟ್ಟ ದೀಪ ನೋಡಿ. ಹಲವು ಬೋರ್ಡುಗಳಲ್ಲಿ ರೀಸೆಟ್ ಆದಾಗ ಅದು ಪಟಪಟ ಮಿನುಗುತ್ತದೆ. ಊನೋ ಚಿಪ್ಪಿಗೆ ಬರುವ ವೋಲ್ಟೇಜು 2.7ಕ್ಕಿಂತ ಕೆಳಗೆ ಇಳಿದರೆ ಅದು ತಾನಾಗಿ ರೀಸೆಟ್ ಆಗುವ ಹಾಗೆ ಮಾಡಿದ್ದಾರೆ. ಆದ್ದರಿಂದ ಇಲ್ಲಿ ಕೋಡಿನ ಮೇಲೆ ಅನುಮಾನ ಪಡುವ ಅಗತ್ಯವಿಲ್ಲ.

ಹೋದ ವರ್ಷ ನಮ್ಮ ಸೆಟ್ಟಿಗೂ ಇದೇ ಆಯಿತು. ಅಡಾಪ್ಟರ್ ಬಾಯಲ್ಲಿ ಅಳೆದರೆ 5.1 ವೋಲ್ಟ್, ಸೊಂಡಿಲು ಎತ್ತುವಾಗಲೂ ಅಲುಗಾಡುತ್ತಿರಲಿಲ್ಲ. ಚಿಕ್ಕಪ್ಪ ಅಂದರು: "ಅಲ್ಲಿ ಎಷ್ಟಿದ್ರೇನೋ? ಸೊಂಡಿಲ ಹತ್ರ ಎಷ್ಟು ಬರ್ತಿದೆ ನೋಡು."

ಸೊಂಡಿಲು ಒಂದು ಸಲ ಏಳುವುದು ಅರ್ಧ ಸೆಕೆಂಡಿನ ಕೆಲಸ. ಸಾಧಾರಣ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ. ಆದ್ದರಿಂದ ಸೊಂಡಿಲು ನಿಲ್ಲದೆ ಮೇಲೆ ಕೆಳಗೆ ಆಡುತ್ತಲೇ ಇರುವ ಒಂದು ಚಿಕ್ಕ ಪರೀಕ್ಷಾ ಪ್ರೋಗ್ರಾಂ ಹಾಕಿದೆವು. ಗೆಳೆಯ ಸೊಂಡಿಲ ತುದಿಗೆ ಬೆರಳು ತಾಗಿಸಿ ಹಗುರವಾಗಿ ತಡೆ ಕೊಟ್ಟ. ನಾನು ಸರ್ವೋದ ಕೆಂಪು ಮತ್ತು ಕಂದು ವೈರಿನ ಮೇಲೆ ಪ್ರೋಬ್ ಇಟ್ಟೆ. ತಂಗಿ ಓದಿದಳು: "ಅಣ್ಣಾ, ಸುಮ್ನೆ ಇದ್ದಾಗ 4.7. ಎತ್ತುವಾಗ 4.1." ಮೀಟರ್ ತೋರಿಸುವುದು ಸರಾಸರಿ. ಕ್ಷಣಮಾತ್ರದ ಕುಸಿತ ಅದಕ್ಕಿಂತ ಆಳವಾಗಿರುತ್ತದೆ.

ಅಂದರೆ ಅಡಾಪ್ಟರಿನಿಂದ ಹೊರಟ 5.1ರಲ್ಲಿ 1 ವೋಲ್ಟ್ ದಾರಿಯಲ್ಲೇ ಎಲ್ಲೋ ಕರಗುತ್ತಿದೆ. ಎಲ್ಲಿ ಅಂತ ಹುಡುಕುವ ವಿಧಾನ ಚಿಕ್ಕಪ್ಪ ತೋರಿಸಿದರು. ಬೈಕಿನ ಹೆಡ್‌ಲೈಟು ಮಂಕಾದಾಗ ಮೆಕ್ಯಾನಿಕ್‌ಗಳು ಮಾಡುವುದು ಇದನ್ನೇ. ಇದನ್ನು ಎಲ್ಲಾ ವಿದ್ಯಾರ್ಥಿಗಳೂ ಕಲಿಯಬೇಕು ಅಂತ ನನಗೆ ನಿಜವಾಗಿ ಅನಿಸುತ್ತದೆ.

ಮೀಟರನ್ನು ಡಿಸಿ ವೋಲ್ಟ್‌ನಲ್ಲಿಡಿ. ಎರಡೂ ಪ್ರೋಬನ್ನು ಪ್ಲಸ್ ದಾರಿಯ ಮೇಲೇ ಇಡಿ: ಒಂದು ಅಡಾಪ್ಟರಿನ ಪ್ಲಸ್ ಹತ್ತಿರ, ಇನ್ನೊಂದು ಸರ್ವೋದ ಪ್ಲಸ್ ಹತ್ತಿರ. ಸೆಟ್ ಓಡುತ್ತಿರಲಿ. ದಾರಿ ಚೆನ್ನಾಗಿದ್ದರೆ ಅಂಕಿ ಸೊನ್ನೆಯ ಹತ್ತಿರ ಇರಬೇಕು. ಎಷ್ಟು ತೋರಿಸುತ್ತದೋ ಅಷ್ಟು ವೋಲ್ಟ್ ಆ ಎರಡು ಬಿಂದುಗಳ ನಡುವೆ ನಷ್ಟವಾಗುತ್ತಿದೆ. ಈಗ ಒಂದು ಪ್ರೋಬನ್ನು ಒಂದೊಂದೇ ಜೋಡಣೆ ದಾಟಿಸುತ್ತಾ ಹತ್ತಿರ ತನ್ನಿ. ಎಲ್ಲಿ ದಾಟಿದಾಗ ಅಂಕಿ ಥಟ್ ಅಂತ ಬಿತ್ತೋ ಅಲ್ಲೇ ಕಳ್ಳ ಇದ್ದಾನೆ. ಆಮೇಲೆ ಮೈನಸ್ ದಾರಿಗೂ ಹೀಗೇ ಮಾಡಿ.

ನಮ್ಮಲ್ಲಿ ಮೈನಸ್ ದಾರಿಯಲ್ಲಿ 0.2, ಬ್ರೆಡ್‌ಬೋರ್ಡಿನಲ್ಲಿ (ಸೋಲ್ಡರ್ ಮಾಡದೆ ವೈರು ಚುಚ್ಚಿ ಜೋಡಿಸುವ ಬೋರ್ಡು) 0.1 ಸಿಕ್ಕಿತು. ಉಳಿದ 0.7 ಒಂದೇ ಜಾಗದಲ್ಲಿತ್ತು: ಅಡಾಪ್ಟರ್ ಚುಚ್ಚುವ ಜಾಕಿನ ಸ್ಕ್ರೂ ಟರ್ಮಿನಲ್. ಸ್ಕ್ರೂ ಗಟ್ಟಿಯಾಗಿಯೇ ಇತ್ತು. ಎಳೆದರೂ ವೈರು ಬರುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಸ್ಕ್ರೂ ಒತ್ತಿ ಹಿಡಿದಿದ್ದು ವೈರಿನ ಪ್ಲಾಸ್ಟಿಕ್ ಸಿಪ್ಪೆಯನ್ನು. ತಾಮ್ರದ ಒಂದೆರಡು ಎಳೆ ಮಾತ್ರ ಲೋಹಕ್ಕೆ ತಾಗುತ್ತಿದ್ದವು. ಸಿಪ್ಪೆಯನ್ನು ಇನ್ನೊಂದು 5 ಮಿ.ಮೀ. ಸುಲಿದು, ಎಳೆಗಳನ್ನು ಹೊಸೆದು, ಮತ್ತೆ ಬಿಗಿದ ಮೇಲೆ ಸೊಂಡಿಲ ಹತ್ತಿರ 4.8 ಬಂತು. ರೀಸೆಟ್ ನಿಂತಿತು.

ಎರಡು ತುದಿ ಸೇರಿವೆಯಾ ಅಂತ ನೋಡುವ ಮೀಟರಿನ ಬೀಪ್ ಪರೀಕ್ಷೆ ಇಂಥ ಜಾಗದಲ್ಲಿ ಮೋಸ ಮಾಡುತ್ತದೆ. ಒಂದು ಎಳೆ ತಾಗಿದ್ದರೂ ಅದು ಬೀಪ್ ಅನ್ನುತ್ತದೆ, ಯಾಕೆಂದರೆ ಮೀಟರ್ ಹರಿಸುವ ಕರೆಂಟು ಅತಿ ಕಡಿಮೆ. ಅರ್ಧ ಆಂಪಿಯರ್ ಹರಿದಾಗ ಆ ಒಂದು ಎಳೆಯ ಹಣೆಬರಹ ಗೊತ್ತಾಗುತ್ತದೆ.

ದಾರಿಯೆಲ್ಲಾ ಚೆನ್ನಾಗಿದ್ದು ಅಡಾಪ್ಟರ್ ಬಾಯಲ್ಲೇ ವೋಲ್ಟೇಜು ಇಳಿಯುತ್ತಿದ್ದರೆ ಅಡಾಪ್ಟರ್ ಸಾಲದು ಅಂತ ಲೆಕ್ಕ. ಮೇಲೆ 2 ಆಂಪಿಯರ್ ಅಂತ ಬರೆದಿದೆ ಅಂದ ಮಾತ್ರಕ್ಕೆ ಕೊಟ್ಟೇ ಕೊಡುತ್ತದೆ ಅಂತೇನಿಲ್ಲ. ಇನ್ನೊಂದನ್ನು ಹಾಕಿ ನೋಡಿ. ಚಪ್ಪಟೆ 9 ವೋಲ್ಟ್ ಬ್ಯಾಟರಿಯಿಂದ ಮೋಟರ್ ಓಡಿಸುತ್ತಿದ್ದರೆ ಹುಡುಕುವ ಕೆಲಸವನ್ನೇ ಬಿಡಿ. ಅದನ್ನು ಮೋಟರಿಗೆ ಅಂತ ಮಾಡಿದ್ದಲ್ಲ. ಖಾಲಿ ಅಳೆದರೆ 9 ತೋರಿಸುತ್ತದೆ, ಮೋಟರ್ ಹಾಕಿದ ತಕ್ಷಣ ಕುಸಿಯುತ್ತದೆ. ಹೊಸದು ತಂದರೂ ಒಂದು ಸಂಜೆ ಕಳೆಯುವುದು ಕಷ್ಟ.

ಸರ್ವೋವನ್ನು ಊನೋ ಬೋರ್ಡಿನ 5 ವೋಲ್ಟ್ ಪಿನ್ನಿನಿಂದ ಓಡಿಸಿ, ಊನೋಗೆ ಯುಎಸ್‌ಬಿ ಕೇಬಲ್ ಕೊಟ್ಟಿದ್ದರೂ ಇದೇ ತೊಂದರೆ. ಬೋರ್ಡಿನ ಮೇಲೆ ಯುಎಸ್‌ಬಿ ದಾರಿಗೆ 500 ಮಿಲಿಆಂಪಿಯರ್ ಫ್ಯೂಸ್ ಇದೆ. ಎಸ್‌ಜಿ90 ತಡೆ ಬಿದ್ದಾಗ ಒಂದೇ ಅಷ್ಟನ್ನು ಎಳೆದುಬಿಡುತ್ತದೆ. ಸರ್ವೋಗೆ 5 ವೋಲ್ಟ್ ಅಡಾಪ್ಟರಿನಿಂದ ನೇರ ವೈರು ಕೊಡಿ. ಹತ್ತಿರದಲ್ಲೇ 1000 ಮೈಕ್ರೋಫ್ಯಾರಡ್, 16 ವೋಲ್ಟಿನ ಒಂದು ಕೆಪಾಸಿಟರ್ ಪ್ಲಸ್ ಮೈನಸ್ ನಡುವೆ ಹಾಕಿ, ಕ್ಷಣಮಾತ್ರದ ಕುಸಿತವನ್ನು ಅದು ತುಂಬಿಕೊಡುತ್ತದೆ. ಬಿಳಿ ಪಟ್ಟಿ ಇರುವ ಕಾಲು ಮೈನಸ್. ತಿರುಗಿಸಿ ಹಾಕಿದರೆ ಸಿಡಿಯುತ್ತದೆ, ಹುಷಾರು.

ಹಲಗೆ ತಿರುಗುತ್ತಿಲ್ಲ

ಇಲ್ಲಿ ಕಿವಿ ಬೇಕು. ಸ್ವಿಚ್ ಹಾಕಿ, ಟಿವಿ ಆಫ್ ಮಾಡಿಸಿ, ಮೋಟರ್ ಹತ್ತಿರ ಕಿವಿ ಇಟ್ಟು ಕೇಳಿ.

ಸದ್ದೇ ಇಲ್ಲ ಅಂದರೆ ಕರೆಂಟು ಬರುತ್ತಿಲ್ಲ. ಮೋಟರಿನ ಎರಡು ತಾಮ್ರದ ಕಿವಿಗಳ ಮೇಲೆ ವೋಲ್ಟೇಜು ಅಳೆಯಿರಿ. ಅಲ್ಲಿ ವೋಲ್ಟೇಜು ಇದ್ದು ಮೋಟರ್ ಮಾತ್ರ ಸುಮ್ಮನಿದ್ದರೆ ಮೋಟರ್ ಸತ್ತಿದೆ. ಇಲ್ಲದಿದ್ದರೆ ಹಿಂದಕ್ಕೆ ನಡೆಯಿರಿ: ಡ್ರೈವರಿನ ಔಟ್‌ಪುಟ್ ಸ್ಕ್ರೂ, ಡ್ರೈವರಿನ ಇನ್‌ಪುಟ್ ಸ್ಕ್ರೂ, ಅಡಾಪ್ಟರ್. ಬಿಓ ಮೋಟರಿನ ಆ ತಾಮ್ರದ ಕಿವಿಗಳು ತೀರಾ ನಾಜೂಕು. ವೈರು ನಾಲ್ಕು ಸಲ ಅಲುಗಿದರೆ ಕಿವಿಯೇ ಕಿತ್ತು ಬರುತ್ತದೆ. ಸೋಲ್ಡರ್ ಮಾಡಿದ ಮೇಲೆ ವೈರನ್ನು ಮೋಟರ್ ಮೈಗೆ ಒಂದು ಟ್ಯಾಗಿನಿಂದ ಬಿಗಿದುಬಿಡಿ, ಎಳೆತ ಕಿವಿಗೆ ಬೀಳಬಾರದು.

ಎಲ್298ಎನ್ ಬಗ್ಗೆ ಒಂದು ಮಾತು. ಇದು ಹಳೆಯ ಕಾಲದ ಚಿಪ್ಪು, ತಾನೇ ಸುಮಾರು 2 ವೋಲ್ಟ್ ತಿನ್ನುತ್ತದೆ. 9 ಕೊಟ್ಟರೆ ಮೋಟರಿಗೆ 7 ಸಿಗುತ್ತದೆ. 6 ಕೊಟ್ಟರೆ ಸಿಗುವುದು 4. ಅದೂ ಅಲ್ಲದೆ 6 ವೋಲ್ಟಿನಲ್ಲಿ ಅದರ ಮೇಲಿರುವ 5 ವೋಲ್ಟ್ ರೆಗ್ಯುಲೇಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ನಾಲ್ಕು ಪೆನ್ಸಿಲ್ ಸೆಲ್ಲಿನಿಂದ ಓಡಿಸುವವರ ಮೋಟರ್ ಮಂಕಾಗಿ ತಿರುಗುವುದು ಇದಕ್ಕೇ. ಇಎನ್‌ಎ ಅಂತ ಬರೆದ ಪಿನ್ನಿನ ಮೇಲೆ ಒಂದು ಪುಟ್ಟ ಕಪ್ಪು ಟೋಪಿ ಇರುತ್ತದೆ. ವೇಗ ನಿಯಂತ್ರಣಕ್ಕೆ ಅಂತ ಅದನ್ನು ತೆಗೆದಿದ್ದರೆ ಆ ಪಿನ್ನಿಗೆ ಊನೋದಿಂದ ವೈರು ಬಂದಿರಲೇಬೇಕು. ಟೋಪಿಯೂ ಇಲ್ಲ, ವೈರೂ ಇಲ್ಲ ಅಂದರೆ ಮೋಟರ್ ಅಲ್ಲಾಡುವುದಿಲ್ಲ.

ಗುಂಯ್ ಅಂತ ಸದ್ದು ಇದೆ, ತಿರುಗುತ್ತಿಲ್ಲ. ಮೋಟರಿಗೆ ಶಕ್ತಿ ಸಾಲುತ್ತಿಲ್ಲ, ಅಥವಾ ಹಲಗೆ ಭಾರವಾಗಿದೆ. ಯಾವುದು ಅಂತ ತಿಳಿಯುವುದು ಸುಲಭ. ಚಕ್ರವನ್ನು ಹಲಗೆಯ ಅಂಚಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿ. ಚಕ್ರ ಆಗಲೂ ತಿರುಗದಿದ್ದರೆ ವೇಗದ ಅಂಕಿ ತುಂಬಾ ಕಡಿಮೆ ಇದೆ. ಕೋಡಿನಲ್ಲಿ ಪೂರ್ತಿ ವೇಗ ಅಂದರೆ 255. ಅದರ ಬದಲು 80, 90 ಕೊಟ್ಟರೆ ಈ ಮೋಟರ್ ನಿಂತಲ್ಲಿಂದ ಏಳುವುದಿಲ್ಲ. ನಾವು ಮೊದಲು ಒಂದು ಕ್ಷಣ 255 ಕೊಟ್ಟು, ಹೊರಟ ಮೇಲೆ ಇಳಿಸುತ್ತೇವೆ. ಚಕ್ರ ಸರಾಗವಾಗಿ ತಿರುಗಿದರೆ ತೊಂದರೆ ಹಲಗೆಯಲ್ಲಿದೆ.

ಹಲಗೆಯನ್ನು ಒಂದೇ ಬೆರಳಿನಿಂದ ತಳ್ಳಿ ನೋಡಿ. ಪೂರ್ತಿ ಸುತ್ತು ಒಂದೇ ಸಮನೆ ಹಗುರವಾಗಿರಬೇಕು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಅಂದರೆ ಹಲಗೆ ದುಂಡಗಿಲ್ಲ ಅಥವಾ ನಡುವಿನ ತೂತು ನಡುವಿನಲ್ಲಿಲ್ಲ. ಅಂಚು ಉಬ್ಬಿದ ಕಡೆ ಚಕ್ರ ಒತ್ತಿ ಹಿಡಿಯುತ್ತದೆ, ತಗ್ಗಿದ ಕಡೆ ಬಿಟ್ಟುಬಿಡುತ್ತದೆ. ಇದಕ್ಕೆ ಅಪ್ಪ ಹೇಳಿದ ಉಪಾಯ ನನಗೆ ಬಹಳ ಇಷ್ಟ: ಮೋಟರನ್ನು ಗಟ್ಟಿಯಾಗಿ ಸ್ಕ್ರೂ ಹಾಕದೆ ಒಂದು ಕೀಲಿನ ಮೇಲೆ ಕೂರಿಸಿ, ರಬ್ಬರ್ ಬ್ಯಾಂಡಿನಿಂದ ಹಲಗೆಯ ಕಡೆಗೆ ಎಳೆಸಿ. ಅಂಚು ಹೆಚ್ಚು ಕಡಿಮೆ ಇದ್ದರೂ ಚಕ್ರ ಅದರ ಜೊತೆಗೇ ಹೋಗುತ್ತದೆ.

ಹಲಗೆಯ ಭಾರ ನಡುವಿನ ಮೊಳೆಯ ಮೇಲೆ ಬಿದ್ದಿದ್ದರೆ ಅದನ್ನೂ ಬದಲಿಸಿ. ಊಟದ ಮೇಜಿನ ಮೇಲಿಡುವ ತಿರುಗು ತಟ್ಟೆಯ ಬೇರಿಂಗ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮಣ್ಣಿನ ಗೊಂಬೆಗಳನ್ನು ಒಂದೇ ಕಡೆ ಗುಂಪು ಹಾಕಬೇಡಿ. ಅಂಬಾರಿ ಆನೆಯೇ ಎಲ್ಲಕ್ಕಿಂತ ಭಾರವಾದ್ದರಿಂದ ಅದರ ಎದುರು ಬದಿಗೆ ಕುದುರೆಗಳನ್ನಿಡಿ.

ಕಟಕಟ ಸದ್ದು. ಗೇರಿನ ಹಲ್ಲು ಮುರಿದಿದೆ. ಒಳಗಿನ ಗೇರುಗಳು ಪ್ಲಾಸ್ಟಿಕ್. ಬಂದ ಮಕ್ಕಳು ಹಲಗೆಯನ್ನು ಕೈಯಲ್ಲಿ ತಿರುಗಿಸಿದರೆ ಹೀಗಾಗುತ್ತದೆ. ಬೈದು ಪ್ರಯೋಜನವಿಲ್ಲ, ತಿರುಗುವ ವಸ್ತು ಕಂಡರೆ ಮಕ್ಕಳು ತಿರುಗಿಸದೆ ಬಿಡುತ್ತಾರಾ? ರಬ್ಬರ್ ಬ್ಯಾಂಡ್ ಉಪಾಯ ಇಲ್ಲೂ ಕಾಯುತ್ತದೆ. ಜೋರಾಗಿ ತಿರುಗಿಸಿದಾಗ ಗೇರ್ ಮುರಿಯುವ ಬದಲು ಚಕ್ರ ಜಾರುತ್ತದೆ. ಒಂದು ಮೋಟರ್ ಹೆಚ್ಚಿಗೆ ತಂದಿಟ್ಟುಕೊಂಡಿರಿ.

ಚಕ್ರ ತಿರುಗುತ್ತಿದೆ, ಹಲಗೆ ಇಲ್ಲ. ಅಂಚಿನಲ್ಲಿ ಪೇಂಟು, ಎಣ್ಣೆ ಅಥವಾ ಕುಂಕುಮದ ಪುಡಿ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಅಂಚಿನ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದರೆ ಮತ್ತೆ ಜಾರುವುದಿಲ್ಲ.

ಸೊಂಡಿಲು ನಡುಗುತ್ತದೆ

ಸರ್ವೋಗೆ ಮೂರು ವೈರು: ಕಂದು ಮೈನಸ್, ಕೆಂಪು ಪ್ಲಸ್, ಕಿತ್ತಳೆ ಸಿಗ್ನಲ್. ಊನೋ ಪ್ರತಿ 20 ಮಿಲಿಸೆಕೆಂಡಿಗೆ ಒಂದು ಸಲ ಕಿತ್ತಳೆ ವೈರಿನಲ್ಲಿ ಸುಮಾರು 1ರಿಂದ 2 ಮಿಲಿಸೆಕೆಂಡಿನ ಒಂದು ಮಿಡಿತ ಕಳಿಸುತ್ತದೆ. ಮಿಡಿತ ಎಷ್ಟು ಉದ್ದವೋ ಸೊಂಡಿಲು ಅಷ್ಟು ಮೇಲೆ. ಆ ಮಿಡಿತ ಸರಿಯಾಗಿ ಓದಲು ಸರ್ವೋಗೂ ಊನೋಗೂ ಮೈನಸ್ ಒಂದೇ ಆಗಿರಬೇಕು. ಸರ್ವೋಗೆ ಬೇರೆ ಅಡಾಪ್ಟರ್ ಕೊಟ್ಟು, ಎರಡೂ ಮೈನಸ್‌ಗಳನ್ನು ಸೇರಿಸದೆ ಬಿಟ್ಟರೆ ಸೊಂಡಿಲು ಜ್ವರ ಬಂದ ಹಾಗೆ ನಡುಗುತ್ತದೆ, ಇಲ್ಲವೇ ಅಲ್ಲಾಡುವುದೇ ಇಲ್ಲ. ಪ್ಲಸ್‌ಗಳು ಬೇರೆಬೇರೆ ಇರಲಿ, ಮೈನಸ್‌ಗಳೆಲ್ಲಾ ಒಂದು ಕಡೆ ಸೇರಲಿ. ಎಲ್298ಎನ್ ಡ್ರೈವರಿನ ಮೈನಸ್ಸಿಗೂ ಇದೇ ಮಾತು.

ಮೈನಸ್ ಸರಿಯಿದ್ದು, ವೋಲ್ಟೇಜೂ ಇದ್ದು, ಸೊಂಡಿಲು ಕೊನೆಯ ಹಂತದಲ್ಲಿ ಜೀಯ್ ಅಂತ ಕಿರುಗುಟ್ಟುತ್ತಿದ್ದರೆ ಅದಕ್ಕೆ ಹೋಗಲಾಗದ ಜಾಗಕ್ಕೆ ಹೋಗು ಅಂತ ನೀವು ಹೇಳುತ್ತಿದ್ದೀರಿ. ಕಾರ್ಡ್‌ಬೋರ್ಡಿನ ದವಡೆಗೆ ಸೊಂಡಿಲು ತಗುಲುತ್ತಿರಬಹುದು. ಎತ್ತುವ ಕೋನವನ್ನು 10 ಡಿಗ್ರಿ ಕಡಿಮೆ ಮಾಡಿ. ಹಾಗೇ ಬಿಟ್ಟರೆ ಸರ್ವೋ ಬಿಸಿಯಾಗಿ ಸುಡುತ್ತದೆ. ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳು ಇಡಲಾಗದಷ್ಟು ಬಿಸಿಯಾದರೆ ತಕ್ಷಣ ನಿಲ್ಲಿಸಿ.

ಅಂಬಾರಿ ಆನೆಯ ಸೊಂಡಿಲನ್ನೇ ಯಾಕೆ ಎತ್ತಿಸಬಾರದು ಅಂತ ಅಜ್ಜಿ ಕೇಳಿದ್ದರು. ತಿರುಗುವ ಹಲಗೆಯ ಮೇಲೆ ಸರ್ವೋ ಇಟ್ಟರೆ ವೈರು ಸುತ್ತಿಕೊಂಡು ಹರಿಯುತ್ತದೆ. ಅದಕ್ಕೇ ನಮಸ್ಕಾರ ಮಾಡುವ ಕೆಲಸ ಬಾಗಿಲ ಆನೆಗೆ.

ಅರಮನೆಯ ದೀಪಗಳು

ಒಂದು ದೀಪ ಮಾತ್ರ ಆರಿದ್ದರೆ ತಿರುಗುಮುರುಗಾಗಿದೆ ಅಥವಾ ಸೋಲ್ಡರ್ ಬಿಟ್ಟಿದೆ. ಉದ್ದ ಕಾಲು ಪ್ಲಸ್. ಕಾಲು ಕತ್ತರಿಸಿದ ಮೇಲೆ ಗುರುತು ಹಿಡಿಯಲು ದೀಪದ ಬುಡದ ಚಪ್ಪಟೆ ಅಂಚು ನೋಡಿ, ಆ ಬದಿ ಮೈನಸ್.

ವಿಚಿತ್ರವಾಗಿ ಕಾಣುವ ದೋಷ ಒಂದಿದೆ. ಬಿಳಿ ಮತ್ತು ಕೆಂಪು ಎಲ್‌ಇಡಿಗಳನ್ನು ಪಕ್ಕಪಕ್ಕ ಜೋಡಿಸಿ ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿಡುವ ತುಂಡು) ಹಾಕಿದರೆ ಕೆಂಪು ಮಾತ್ರ ಉರಿಯುತ್ತದೆ. ಬಿಳಿಯವೆಲ್ಲಾ ಸತ್ತಂತೆ ಕಾಣುತ್ತವೆ, ಆದರೆ ಒಂದೂ ಸತ್ತಿರುವುದಿಲ್ಲ. ಕೆಂಪು ದೀಪ ಸುಮಾರು 2 ವೋಲ್ಟಿಗೇ ಉರಿದು ಅಲ್ಲಿನ ವೋಲ್ಟೇಜನ್ನು ಅಲ್ಲೇ ಹಿಡಿದುಬಿಡುತ್ತದೆ. ಬಿಳಿಗೆ ಬೇಕಾದ್ದು 3 ವೋಲ್ಟ್. ಅದು ಅವಕ್ಕೆ ಸಿಗುವುದೇ ಇಲ್ಲ. ಪ್ರತಿ ದೀಪಕ್ಕೂ ಅದರದ್ದೇ 220 ಓಮ್ ರೆಸಿಸ್ಟರ್ ಹಾಕಿ. ಬೇಜಾರಿನ ಕೆಲಸ ಹೌದು, ಆದರೆ ನಾಲ್ಕು ಜನ ಕೂತು ಮಾತಾಡುತ್ತಾ ಮಾಡಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಎಲ್ಲಾ ದೀಪಗಳನ್ನು ಊನೋದ ಒಂದೇ ಪಿನ್ನಿಗೆ ಕೊಡಬೇಡಿ. ಒಂದು ಪಿನ್ನು ಆರಾಮಾಗಿ ಕೊಡುವುದು 20 ಮಿಲಿಆಂಪಿಯರ್. 220 ಓಮ್ ಹಾಕಿದ ಬಿಳಿ ದೀಪ 8ರಿಂದ 9 ಎಳೆಯುತ್ತದೆ. ಲೆಕ್ಕ ಹಾಕಿ, ಎರಡು ದೀಪಕ್ಕೇ ಮುಗಿಯಿತು. ಉಳಿದವನ್ನು ನೇರ 5 ವೋಲ್ಟಿಗೆ ಕೊಡಿ, ಮಿನುಗಿಸಬೇಕಿದ್ದರೆ ನಡುವೆ ಸ್ವಿಚ್ಚಿನ ಹಾಗೆ ಒಂದು ಟ್ರಾನ್ಸಿಸ್ಟರ್ ಹಾಕಿ.

ಕಾರಂಜಿ ಚಿಮ್ಮುತ್ತಿಲ್ಲ

ಪಂಪಿನ ಸದ್ದಿದೆ, ನೀರಿಲ್ಲ ಅಂದರೆ ಬಹುತೇಕ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಪಂಪನ್ನು ನೀರಿನೊಳಗೇ ಓರೆ ಮಾಡಿ ಅಲ್ಲಾಡಿಸಿ. ಗುಳ್ಳೆ ಹೊರಗೆ ಬಂದ ತಕ್ಷಣ ನೀರು ಏಳುತ್ತದೆ. ನೀರು ಬರುತ್ತಿದೆ, ಆದರೆ ಬಲವಿಲ್ಲ ಅಂದರೆ ಎರಡು ವೈರು ಅದಲುಬದಲು ಮಾಡಿ ನೋಡಿ. ಹಿಂದುಮುಂದಾಗಿ ತಿರುಗಿದರೂ ಈ ಪಂಪು ಸ್ವಲ್ಪ ನೀರು ತಳ್ಳುತ್ತದೆ, ಅದಕ್ಕೇ ತಪ್ಪು ಗೊತ್ತಾಗುವುದಿಲ್ಲ.

ಸಂಜೆ ಆರತಿ ಆದ ಮೇಲೆ ಕಾರಂಜಿ ಕೆಟ್ಟರೆ ಹೂವಿನ ಎಸಳು, ಅಕ್ಷತೆ ನೋಡಿ. ಬಂದವರು ಪ್ರೀತಿಯಿಂದ ಹಾಕಿರುತ್ತಾರೆ. ಪಂಪಿನ ಬಾಯಿಗೆ ಹಳೆಯ ಸೊಳ್ಳೆ ಪರದೆಯ ತುಂಡು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಚಿಮ್ಮಿ ಆಚೆ ಹೋಗುವುದರಿಂದ ನೀರು ದಿನವಿಡೀ ಕಡಿಮೆಯಾಗುತ್ತಾ ಹೋಗುತ್ತದೆ. ಪಂಪು ನೀರಿಲ್ಲದೆ ಓಡಿದರೆ ಕೆಡುತ್ತದೆ. ನಮ್ಮಲ್ಲಿ ದಿನಾ ಬೆಳಗ್ಗೆ ನೀರು ತುಂಬುವುದು ಅಜ್ಜಿ.

ಪಂಪನ್ನು ಡ್ರೈವರ್ ಬದಲು ಟ್ರಾನ್ಸಿಸ್ಟರಿನಿಂದ ಓಡಿಸುವವರು ಪಂಪಿನ ಎರಡು ವೈರುಗಳ ನಡುವೆ 1ಎನ್4007 ಡಯೋಡ್ ಹಾಕಿ, ಬೆಳ್ಳಿ ಪಟ್ಟಿ ಪ್ಲಸ್ ಕಡೆಗೆ. ಪಂಪು ನಿಂತಾಗ ಹಿಂದಕ್ಕೆ ಬರುವ ಹೊಡೆತವನ್ನು ಅದು ತಡೆಯುತ್ತದೆ. ಇಲ್ಲದಿದ್ದರೆ ಟ್ರಾನ್ಸಿಸ್ಟರ್ ಸಾಯುತ್ತದೆ, ಊನೋ ಕೂಡ ಆಗಾಗ ತಬ್ಬಿಬ್ಬಾಗುತ್ತದೆ.

ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ

ತಾಳ್ಮೆ ಪರೀಕ್ಷೆ ಮಾಡುವುದು ಇದು. ನೋಡಲು ಕೂತರೆ ಕೆಡುವುದಿಲ್ಲ, ಎದ್ದುಹೋದರೆ ಕೆಡುತ್ತದೆ. ಸೆಟ್ ಓಡುತ್ತಿರುವಾಗ ಒಂದೊಂದೇ ವೈರನ್ನು ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಎರಡು ಕಡೆ ಒಟ್ಟಿಗೆ ತಟ್ಟಬೇಡಿ. ಯಾವುದನ್ನು ತಟ್ಟಿದಾಗ ಕೆಟ್ಟಿತೋ ಅದಕ್ಕೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ, ಮುಂದಕ್ಕೆ ಹೋಗಿ. ಒಂದಕ್ಕಿಂತ ಹೆಚ್ಚು ಸಿಗುವುದು ಅಪರೂಪವೇನಲ್ಲ.

ಬ್ರೆಡ್‌ಬೋರ್ಡ್ ಬಳಸಿದ್ದರೆ ಅಂಚಿನ ಕೆಂಪು ನೀಲಿ ಗೆರೆ ನೋಡಿ. ಉದ್ದದ ಬೋರ್ಡುಗಳಲ್ಲಿ ಕೆಲವಕ್ಕೆ ಆ ಗೆರೆ ನಡುವೆ ತುಂಡಾಗಿರುತ್ತದೆ. ಒಳಗಿನ ಲೋಹವೂ ಅಲ್ಲಿ ತುಂಡಾಗಿದೆ ಅಂತ ಅರ್ಥ. ಅರ್ಧ ಬೋರ್ಡಿಗೆ ಕರೆಂಟು ಬರುತ್ತದೆ, ಉಳಿದರ್ಧಕ್ಕೆ ಇಲ್ಲ. ಎರಡು ಕಡೆಗೂ ಚಿಕ್ಕ ವೈರು ಹಾಕಿ ಸೇರಿಸಿ. ಹಬ್ಬದ ಹತ್ತು ದಿನ ಓಡಬೇಕಾದ ಸೆಟ್ಟಿಗೆ ಬ್ರೆಡ್‌ಬೋರ್ಡ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮೋಟರಿನ ನಡುಕಕ್ಕೆ ವೈರುಗಳು ಮೆಲ್ಲಗೆ ಮೇಲೇಳುತ್ತವೆ. ಎಲ್ಲಾ ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆ ತೂತುಗಳಿರುವ ಬೋರ್ಡಿಗೆ ಸೋಲ್ಡರ್ ಮಾಡಿಬಿಡಿ.

ಸೋಲ್ಡರ್ ಮಾಡಿದ್ದೇ ಕೈಕೊಡುತ್ತಿದ್ದರೆ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಒಳ್ಳೆಯ ಸೋಲ್ಡರ್ ಹೊಳೆಯುತ್ತದೆ, ಕಾಲಿನ ಸುತ್ತ ಇಳಿಜಾರಾಗಿ ಹರಡಿರುತ್ತದೆ. ಕೆಟ್ಟದ್ದು ಮಂಕಾಗಿ ಗುಂಡಗೆ ಕೂತಿರುತ್ತದೆ. ಕಾಲಿನ ಸುತ್ತ ಕೂದಲೆಳೆಯಂಥ ಬಿರುಕು ಕಂಡರೆ ಮತ್ತೆ ಬಿಸಿ ಮಾಡಿ, ಹೊಸ ಸೋಲ್ಡರ್ ಸ್ವಲ್ಪ ಕೊಡಿ. ಮೊದಲು ಕಾಲನ್ನೂ ತಾಮ್ರವನ್ನೂ ಬಿಸಿ ಮಾಡಬೇಕು, ಸೋಲ್ಡರ್ ಆಮೇಲೆ ತಾನೇ ಹರಿಯುತ್ತದೆ.

ಕೊನೆಗೆ ಕೋಡ್

ಇಷ್ಟೆಲ್ಲಾ ನೋಡಿದ ಮೇಲೂ ಸರಿಹೋಗದಿದ್ದರೆ ಲ್ಯಾಪ್‌ಟಾಪ್ ತೆಗೆಯಿರಿ. ಈ ಸೆಟ್ಟಿಗೆ ಸಂಬಂಧಪಟ್ಟ ಒಂದು ಗುಟ್ಟು ಇದೆ. ಊನೋದಲ್ಲಿ ಸರ್ವೋ ಲೈಬ್ರರಿ (ಸರ್ವೋ ನಡೆಸುವ ಸಿದ್ಧ ಕೋಡ್) ಸೇರಿಸಿದ ತಕ್ಷಣ 9 ಮತ್ತು 10ನೇ ಪಿನ್ನುಗಳ ವೇಗ ನಿಯಂತ್ರಣ ಹೋಗಿಬಿಡುತ್ತದೆ. ಆ ಎರಡು ಪಿನ್ನುಗಳನ್ನು ನಡೆಸುವ ಟೈಮರನ್ನೇ ಸರ್ವೋ ಎತ್ತಿಕೊಳ್ಳುತ್ತದೆ. ನಿನ್ನೆಯವರೆಗೆ ಚೆನ್ನಾಗಿ ಓಡುತ್ತಿದ್ದ ಹಲಗೆ ಸೊಂಡಿಲು ಸೇರಿಸಿದ ದಿನದಿಂದ ನಿಂತಿದೆ, 255 ಕೊಟ್ಟರೆ ಮಾತ್ರ ಓಡುತ್ತದೆ ಅಂದರೆ ಇದೇ ಕಾರಣ. ಇಎನ್‌ಎ ವೈರನ್ನು 5 ಅಥವಾ 6ನೇ ಪಿನ್ನಿಗೆ ಬದಲಿಸಿ, ಕೋಡಿನಲ್ಲೂ ಅಂಕಿ ಬದಲಿಸಿ. ಸರ್ವೋದ ಕಿತ್ತಳೆ ವೈರು 9ರಲ್ಲೇ ಇರಲಿ, ತೊಂದರೆಯಿಲ್ಲ.

ಇನ್ನೊಂದು, ಸೊಂಡಿಲು ಏಳುವಾಗ ದೀಪ ಮಿನುಗುವುದು ನಿಂತುಬಿಟ್ಟು, ರೀಸೆಟ್ ಮಾತ್ರ ಆಗದಿದ್ದರೆ ಕೋಡಿನಲ್ಲಿ ಡಿಲೇ ಬಳಸಿದ್ದೀರಿ. ಡಿಲೇ ಮುಗಿಯುವವರೆಗೆ ಊನೋ ಬೇರೆ ಏನೂ ಮಾಡುವುದಿಲ್ಲ. ಅದರ ಬದಲು ಮಿಲಿಸ್ (ಊನೋ ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡುಗಳ ಎಣಿಕೆ) ನೋಡಿ ಸಮಯ ಲೆಕ್ಕ ಹಾಕುವ ರೀತಿಯಲ್ಲಿ ಬರೆಯಿರಿ.

ಬಿಚ್ಚುವಾಗ

ವಿಜಯದಶಮಿ ಮುಗಿದು ಗೊಂಬೆ ಇಳಿಸುವಾಗ ಮಾಡುವ ಕೆಲವು ಕೆಲಸಗಳು ಮುಂದಿನ ವರ್ಷದ ಅರ್ಧ ದೋಷಗಳನ್ನು ತಪ್ಪಿಸುತ್ತವೆ. ವೈರು ಕೀಳುವ ಮೊದಲು ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ. ಪ್ರತಿ ವೈರಿಗೂ ಕಾಗದದ ಟೇಪ್ ಸುತ್ತಿ ಎಲ್ಲಿಂದ ಎಲ್ಲಿಗೆ ಅಂತ ಬರೆಯಿರಿ. ಚಕ್ರವನ್ನು ಹಲಗೆಯಿಂದ ಬಿಡಿಸಿ, ವರ್ಷವಿಡೀ ಒತ್ತಿದ್ದರೆ ರಬ್ಬರ್ ಒಂದು ಕಡೆ ಚಪ್ಪಟೆಯಾಗಿ ಮುಂದಿನ ಸಲ ಮೆರವಣಿಗೆ ಕುಂಟುತ್ತದೆ. ಪಂಪನ್ನು ಒಳ್ಳೆಯ ನೀರಿನಲ್ಲಿ ಒಂದು ನಿಮಿಷ ಓಡಿಸಿ ಒಣಗಿಸಿ. ಅಟ್ಟದ ಮೇಲೆ ಇಡುವುದಾದರೆ ವೈರುಗಳನ್ನು ಮುಚ್ಚಳವಿರುವ ಸ್ಟೀಲ್ ಡಬ್ಬದಲ್ಲಿಡಿ, ಇಲಿ ಕಡಿಯುತ್ತದೆ. ಅಳೆದ ವೋಲ್ಟೇಜುಗಳನ್ನು ಬರೆದ ಹಾಳೆಯೂ ಅದೇ ಡಬ್ಬದಲ್ಲಿರಲಿ. ಸರಿಯಾಗಿ ಓಡುತ್ತಿದ್ದಾಗ ಎಲ್ಲೆಲ್ಲಿ ಎಷ್ಟಿತ್ತು ಅಂತ ಗೊತ್ತಿದ್ದರೆ ಮುಂದಿನ ವರ್ಷ ಹೋಲಿಸಿ ನೋಡಲು ಐದು ನಿಮಿಷ ಸಾಕು.